ಮಾನದ ಪದ, ಅವಮಾನದ ಪದ: ಬೆಟಗೇರಿ ಸೀಮೆಯ ನುಡಿಚರಿತ್ರೆ

ಪದವೊಂದು ಗೌರವದ್ದೋ ಬೈಗುಳದ್ದೋ ಎಂಬುದನ್ನು ನಿಘಂಟು ಒಂದೆರಡು ಮಾತುಗಳಲ್ಲಿ ಹೇಳಿ ಮುಗಿಸುತ್ತದೆ. ಆದರೆ ಒಂದು ಓಣಿಯಲ್ಲಿ ಮಾನವೆನಿಸಿದ್ದು ಮುಂದಿನ ಓಣಿಯಲ್ಲಿ ಅವಮಾನವೆನಿಸುವ ಊರುಗಳಲ್ಲಿ ನಿಘಂಟಿನ ಆಸರೆ ಸಾಲುವುದಿಲ್ಲ. ಗದಗಿಗೆ ಅವಳಿಯಾಗಿರುವ ಬೆಟಗೇರಿ ಅಂಥ ಊರು. ಕೈಮಗ್ಗದ ದುಡಿಮೆಯಿಂದ ಬೆಳೆದ ಈ ಪೇಟೆಯಲ್ಲಿ ದೇವಾಂಗ, ಕುರುಹಿನಶೆಟ್ಟಿ, ಪದ್ಮಸಾಲಿ, ಪಟ್ಟೇಗಾರ ಮೊದಲಾದ ನೇಕಾರ ಸಮುದಾಯಗಳು ಒಂದರ ಪಕ್ಕ ಒಂದು ನೆಲೆಸಿದುದರಿಂದ, ಕನ್ನಡದ ಜೊತೆಗೆ ಕೆಲವರ ಮನೆಯಲ್ಲಿ ತೆಲುಗು, ಪಟ್ಟೇಗಾರರ ಮನೆಯಲ್ಲಿ ಗುಜರಾತಿಯ ಛಾಯೆಯುಳ್ಳ ಖತ್ರಿ ಮಾತು, ಮುಸ್ಲಿಮರ ಓಣಿಯಲ್ಲಿ ಉರ್ದು, ಪೇಶ್ವೆಯರ ಕಾಲದಿಂದ ಕಾಗದಪತ್ರಗಳಲ್ಲಿ ಮರಾಠಿ ಹೀಗೆ ಹಲವು ನುಡಿಗಳು ದಿನವೂ ಒಂದನ್ನೊಂದು ಮುಟ್ಟುತ್ತಿದ್ದವು. 1818ರಲ್ಲಿ ಪೇಶ್ವೆ ಆಳ್ವಿಕೆ ಮುಗಿದ ಮೇಲೆ ಬೆಟಗೇರಿಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದರೆ, ಕೆಲವೇ ಹರದಾರಿ ದೂರದ ಲಕ್ಷ್ಮೇಶ್ವರವು ಹಿರಿಯ ಮೀರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಒಳಪಟ್ಟಿದ್ದವು. 1841ರಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು ಬೆಟಗೇರಿಯಲ್ಲಿ ಠಾಣ್ಯ ಹೂಡಿದಾಗ ಈ ಗುಂಪಿಗೆ ಯುರೋಪಿನ ಕಣ್ಣೊಂದು ಸೇರಿಕೊಂಡಿತು. ಒಂದು ಪದಕ್ಕೆ ಹಲವು ಅರ್ಥಗಳಿದ್ದುದು ಇಲ್ಲಿಯ ಜನರಿಗೆ ತೊಡಕಾಗಿರಲಿಲ್ಲ, ಏಕೆಂದರೆ ಯಾರ ಮುಂದೆ ಯಾವುದನ್ನು ಆಡಬೇಕೆಂಬುದನ್ನು ಅವರು ಓಣಿಯಲ್ಲೇ ಕಲಿತಿದ್ದರು. ಬರೆಯುವ ಅಧಿಕಾರವುಳ್ಳವರು ಆ ಅರ್ಥಗಳಲ್ಲಿ ಒಂದನ್ನು ಆರಿಸಿ ಕಾಗದಕ್ಕೆ ಇಳಿಸಿದಾಗ ನೋವು ಮೊದಲಾಯಿತೆಂಬುದು ಈ ಸೀಮೆಯ ನುಡಿಚರಿತ್ರೆಯಿಂದ ತಿಳಿದುಬರುತ್ತದೆ.

ಓಣಿಯ ಕಲಿಕೆ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಎರಡು ಪುಟ್ಟ ಮಾತುಗಳು ಸಾಕ್ಷಿ. ಗದಗ, ಧಾರವಾಡಗಳ ಕನ್ನಡದಲ್ಲಿ ತಾಯಿಯನ್ನೋ ಅಕ್ಕನನ್ನೋ ನೆರೆಮನೆಯ ಹೆಂಗಸನ್ನೋ ಮಾತಾಡಿಸುವಾಗ ವಾಕ್ಯದ ಕೊನೆಗೆ ‘ಬೇ’ ಎಂಬ ಉಲಿ ಸೇರುತ್ತದೆ. ‘ಬಾ ಬೇ’, ‘ಎಲ್ಲಿ ಹೊಂಟಿ ಬೇ’ ಎಂಬಲ್ಲಿ ಸಲುಗೆಯೂ ಅಕ್ಕರೆಯೂ ಇವೆ. ಅದೇ ಉಲಿ ಹಿಂದಿ–ಉರ್ದು ಮಾತಿನಲ್ಲಿ ‘ಬೇ’, ‘ಅಬೇ’ ಎಂದು ಗಂಡಸನ್ನು ತುಚ್ಛವಾಗಿ ಕರೆಯಲು ಬಳಕೆಯಾಗುತ್ತದೆ. ಎರಡೂ ನುಡಿಗಳನ್ನು ಬಲ್ಲ ಬೆಟಗೇರಿಯ ಹುಡುಗನಿಗೆ ತಾಯಿಗೆ ಅನ್ನುವ ‘ಬೇ’ ಯಾವುದು, ಜಗಳದ ‘ಬೇ’ ಯಾವುದು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಯೇ ಇಲ್ಲಿ ಹಿರಿಯರಿಗೂ ಅಪರಿಚಿತರಿಗೂ ಸಲ್ಲುವ ಗೌರವದ ‘ರೀ’ ಎಂಬುದು ಹಳೆಯ ಮೈಸೂರಿನ ಮನೆಗಳಲ್ಲಿ ಹೆಂಡತಿಯು ಗಂಡನನ್ನು ಕರೆಯುವ ಮಾತು. ಅಲ್ಲಿಯ ಬೀದಿಯಲ್ಲಿ ಅಪರಿಚಿತನಿಗೆ ‘ಏನ್ರೀ’ ಎಂದರೆ ಒಮ್ಮೊಮ್ಮೆ ತಗಾದೆಯ ದನಿಯಾಗಿ ಕೇಳುತ್ತದೆ. ಒಂದೇ ಭಾಷೆಯೊಳಗೆ ಇಷ್ಟು ಅಂತರವಿರುವಾಗ ಎರಡು ಧರ್ಮಗಳು, ಎರಡು ಖಂಡಗಳು ಎದುರಾದಾಗ ಏನಾಗಿರಬಹುದೆಂಬುದನ್ನು ಮಿಶನ್ನಿನ ಚರಿತ್ರೆಯಲ್ಲಿ ನೋಡಬಹುದು.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಈ ಪ್ರಾಟೆಸ್ಟಂಟ್ ಸಂಸ್ಥೆಗೆ, ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದಲ್ಲಿ ದುಡಿಯಲು ಅವಕಾಶ ಕೊಟ್ಟ 1833ರ ಸನದು ಕಾಯಿದೆಯ ನಂತರ ದಾರಿ ತೆರೆಯಿತು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮತ್ತು ಅದರ ಹತ್ತಿರದ ಮಲ್ಲಸಮುದ್ರ ಹೀಗೆ ಅದರ ಠಾಣ್ಯಗಳು ಕರಾವಳಿಯಿಂದ ಒಳನಾಡಿಗೆ ಹಬ್ಬಿದವು. ಬಂದವರಲ್ಲಿ ಹಲವರು ವ್ಯೂರ್ಟೆಂಬರ್ಗ್ ಸೀಮೆಯ ಹಳ್ಳಿ–ಪೇಟೆಗಳ ದೈವಭೀರು ಮನೆತನಗಳವರು. ಕನ್ನಡವನ್ನು ಆಸ್ಥೆಯಿಂದ ಕಲಿತು ಸಂತೆಗಳಲ್ಲಿ, ಜಾತ್ರೆಗಳಲ್ಲಿ ನಿಂತು ಜನರೊಂದಿಗೆ ವಾದಿಸಿದವರು. ಅವರು ಬೆಟಗೇರಿಯಲ್ಲಿ ಮೊದಲು ಎದುರುಗೊಂಡದ್ದು ಜನರ ಎದೆಯ ಮೇಲೆ ತೂಗುತ್ತಿದ್ದ ಒಂದು ವಸ್ತುವನ್ನು. ಅದು ಇಷ್ಟಲಿಂಗ.

ಇಷ್ಟಲಿಂಗವೆಂದರೆ ಗುರುವು ದೀಕ್ಷೆಯ ಹೊತ್ತಿನಲ್ಲಿ ಶಿಷ್ಯನಿಗೆ ಕೊಡುವ, ಕಪ್ಪು ಕಂಥೆಯಿಂದ ಹೊದಿಸಿದ ಪುಟ್ಟ ಲಿಂಗ. ಅದನ್ನು ವಸ್ತ್ರದಲ್ಲಿ ಸುತ್ತಿಯೋ ಬೆಳ್ಳಿಯ ಕರಡಿಗೆಯಲ್ಲಿಟ್ಟೋ ಶಿವದಾರದಿಂದ ಮೈಮೇಲೆ ಧರಿಸುತ್ತಾರೆ. ಸಂಸ್ಕೃತದಲ್ಲಿ ‘ಲಿಂಗ’ ಎಂಬುದಕ್ಕೆ ಗುರುತು, ಚಿಹ್ನೆ ಎಂಬುದು ಮೂಲಾರ್ಥ. ವ್ಯಾಕರಣದಲ್ಲಿ ಪುಲ್ಲಿಂಗ, ಸ್ತ್ರೀಲಿಂಗವೆನ್ನುವಾಗಲೂ ಅದೇ ಅರ್ಥ ನಿಂತಿದೆ. ದೇಹದ ಅಂಗವೆಂಬ ಅರ್ಥವೂ ಆ ಪದಕ್ಕೆ ಉಂಟು, ಆದರೆ ಲಿಂಗಾಯತರ ನಿತ್ಯದ ಮಾತಿನಲ್ಲಿ ಅದಕ್ಕೆ ಎಡೆಯಿಲ್ಲ. ಅಲ್ಲಿ ಲಿಂಗವೆಂದರೆ ಪ್ರಾಣ, ಸತ್ತವನು ‘ಲಿಂಗೈಕ್ಯ’ನಾಗುತ್ತಾನೆ, ಲಿಂಗವನ್ನು ಕಳೆದುಕೊಂಡವನು ಬದುಕಿದ್ದೂ ಸತ್ತಂತೆ. ಯುರೋಪಿನ ಬರಹಗಾರರು ಎತ್ತಿಕೊಂಡದ್ದು ಮಾತ್ರ ಅಂಗದ ಅರ್ಥವನ್ನೇ. ಮೈಸೂರು ಸೀಮೆಯಲ್ಲಿ ಬಹುಕಾಲವಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಹಿಂದೂಗಳ ನಡೆನುಡಿಗಳ ಮೇಲೆ ಬರೆದ ಗ್ರಂಥವು 1816ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದು, ಲಿಂಗವು ಅಶ್ಲೀಲ ವಸ್ತುವೆಂಬ ಎಣಿಕೆಯನ್ನು ಯುರೋಪಿನ ಓದುಗರಲ್ಲಿ ಬಿತ್ತಿತು. ಆಮೇಲೆ ಬಂದವರು ಕಣ್ಣಾರೆ ಕಾಣುವ ಮೊದಲೇ ಅರ್ಥವನ್ನು ಹೊತ್ತು ತಂದಿದ್ದರು. ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಅವರೇ 1876ರಲ್ಲಿ ಭಾರತದ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಮೂಲವನ್ನು ಹುಡುಕುವ ವಿದ್ವಾಂಸನಿಗೆ ಅದು ಸಹಜವಾದ ಕುತೂಹಲವಿರಬಹುದು; ಬೆಳಗಿನ ಜಾವ ಮಿಂದು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತ ಬೆಟಗೇರಿಯ ನೇಕಾರಳಿಗೆ ಆ ಮೂಲದ ಪ್ರಶ್ನೆಯೇ ಅಸಹ್ಯವಾಗಿ ಕೇಳುವಂಥದ್ದು.

ಆ ಅಂಗೈ ಯಾವುದೆಂಬುದೂ ಇಲ್ಲಿ ಮುಖ್ಯವಾದ ಮಾತು. ಊಟಕ್ಕೆ, ಕೊಡುಕೊಳ್ಳುವುದಕ್ಕೆ ಎಡಗೈ ಬಳಸುವುದು ಈ ನಾಡಿನಲ್ಲೆಲ್ಲ ಅಪಚಾರ. ಎಡಗೈಯಲ್ಲಿ ಹಣ ಕೊಟ್ಟರೆ ಅಂಗಡಿಕಾರ ಮುಖ ಸಿಂಡರಿಸುತ್ತಾನೆ. ಅದೇ ಎಡಗೈ ಲಿಂಗಾಯತರ ಶಿವಪೂಜೆಯಲ್ಲಿ ದೇವರ ಪೀಠವಾಗುತ್ತದೆ, ಇಷ್ಟಲಿಂಗವನ್ನು ಅದರ ಮೇಲಿಟ್ಟು ಬಲಗೈಯಿಂದ ಅರ್ಚಿಸುತ್ತಾರೆ. ಮಣ್ಣು ಮಾಡುವಾಗಲೂ ಶವವನ್ನು ಕೂರಿಸಿ ಎಡ ಅಂಗೈಯಲ್ಲಿ ಲಿಂಗವನ್ನಿರಿಸುವ ರೂಢಿಯಿದೆ. ದೇಹದ ಒಂದೇ ಅಂಗವು ಒಂದೇ ಮನೆಯಲ್ಲಿ ಬೆಳಗ್ಗೆ ಗುಡಿಯಾಗಿ, ಮಧ್ಯಾಹ್ನದ ಊಟದ ಹೊತ್ತಿಗೆ ಮೈಲಿಗೆಯದಾಗುವುದು ಹೊರಗಿನವನಿಗೆ ಒಗಟು, ಮನೆಯವರಿಗೆ ಅಭ್ಯಾಸ.

ಅವಮಾನವು ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲವೆಂಬುದನ್ನೂ ಹೇಳಬೇಕು. ಲಿಂಗಾಯತರ ನುಡಿಯಲ್ಲಿ ಭವವೆಂದರೆ ಹುಟ್ಟು–ಸಾವುಗಳ ಕಟ್ಟು. ಲಿಂಗದೀಕ್ಷೆಯಿಲ್ಲದೆ ಅದರಲ್ಲಿ ಸಿಕ್ಕಿಬಿದ್ದವನು ‘ಭವಿ’. ಆಚಾರನಿಷ್ಠರು ಭವಿಯ ದೃಷ್ಟಿ ಬಿದ್ದ ಅಡುಗೆಯನ್ನೂ ಒಲ್ಲೆನ್ನುತ್ತಿದ್ದ ಕಾಲದಲ್ಲಿ ಬೆಟಗೇರಿಯ ಸ್ಥಾವರ–ಜಂಗಮಗಳ ಲೋಕಕ್ಕೆ ಬಂದ ಜರ್ಮನ್ ಪಾದ್ರಿಯು ಭವಿಯೇ ಆಗಿದ್ದನು. ಅವನು ಜನರನ್ನು ‘ವಿಗ್ರಹಾರಾಧಕರು’ ಎಂದು ಕರೆದರೆ ಜನರು ಅವನನ್ನು ಭವಿಯೆಂದು ಎಣಿಸಿದರು. ಎರಡೂ ಪದಗಳು ಆಡುವವರ ಧರ್ಮಗ್ರಂಥದಲ್ಲಿ ಬರಿಯ ವರ್ಗೀಕರಣ, ಕೇಳುವವರ ಕಿವಿಯಲ್ಲಿ ನಿಂದೆ. ಇದರಲ್ಲಿ ‘ವಿಗ್ರಹಾರಾಧಕ’ ಎಂಬ ಬಿರುದು ಲಿಂಗಾಯತರಿಗೆ ಇನ್ನಷ್ಟು ಅನ್ಯಾಯದ್ದು, ಏಕೆಂದರೆ ಮಣ್ಣು, ಮರ, ಲೋಹಗಳ ದೇವರುಗಳನ್ನು 12ನೆಯ ಶತಮಾನದಲ್ಲೇ ವಚನಕಾರರು ಕಟುವಾಗಿ ಟೀಕಿಸಿ, ಸ್ಥಾವರ ಗುಡಿಗೆ ಪ್ರತಿಯಾಗಿ ಮೈಮೇಲಿನ ಲಿಂಗವನ್ನು ನಿಲ್ಲಿಸಿದ್ದರು. ವಿಗ್ರಹವನ್ನು ನಿರಾಕರಿಸಿದ ಗುರುತನ್ನೇ ವಿಗ್ರಹವೆಂದು ತಿಳಿದದ್ದು ಮಿಶನರಿಗಳ ದೊಡ್ಡ ತಪ್ಪು ಓದು. ಮತಾಂತರಗೊಂಡವನು ಶಿವದಾರವನ್ನು ಕಳಚಿದಾಗ ಮಿಶನರಿಗೆ ಅದು ಬಿಡುಗಡೆಯ ಗುರುತಾಗಿ ಕಂಡರೆ, ಮನೆಯವರಿಗೆ ಮಗನು ತೀರಿಹೋದ ಗಳಿಗೆಯಾಗಿತ್ತು.

ಮಲ್ಲಸಮುದ್ರದ ಠಾಣ್ಯ ಹುಟ್ಟಿದ್ದೇ ಇಂಥ ಇನ್ನೊಂದು ತಪ್ಪು ಓದಿನಿಂದ. ಕಾಲಜ್ಞಾನವೆಂಬುದು ಮುಂಬರುವ ಕೇಡು–ಒಳಿತುಗಳನ್ನು ಒಗಟಿನ ನುಡಿಯಲ್ಲಿ ಸಾರುವ ವಚನಗಳ ಪರಂಪರೆ. ಕೊಡೇಕಲ್ಲ ಬಸವಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ ಈ ಪರಂಪರೆಯವರು ವಸಂತರಾಯನೆಂಬ ವೀರನು ಬಂದು ಅಳಿದ ಕಲ್ಯಾಣವನ್ನು ಮರಳಿ ಕಟ್ಟುವನೆಂದು ಕಾಯುತ್ತಿದ್ದರು. 1840ರ ಸುಮಾರಿಗೆ ಈ ನಂಬಿಕೆಯ ಕೆಲವರು ಮಿಶನರಿಗಳನ್ನು ಕಂಡು ಮಾತಾಡಿದಾಗ, ಬರಲಿರುವ ಉದ್ಧಾರಕನ ಮಾತನ್ನು ಪಾದ್ರಿಗಳು ತಮ್ಮ ರಕ್ಷಕನ ಮಾತೆಂದೇ ತಿಳಿದರು. ಸಾವಿರಾರು ಜನ ಒಟ್ಟಿಗೆ ಕ್ರೈಸ್ತರಾಗುವರೆಂದು ನೆಚ್ಚಿ ಅವರಿಗಾಗಿ ಮಲ್ಲಸಮುದ್ರದಲ್ಲಿ ಒಕ್ಕಲುತನದ ವಸಾಹತನ್ನು ತೆರೆದರು. ಕಾದವರು ಬರಲಿಲ್ಲ. ಕಾಲಜ್ಞಾನಿಗಳ ಕಲ್ಯಾಣವು ಶರಣರ ಪಟ್ಟಣ, ಮಿಶನರಿಗಳ ಸ್ವರ್ಗರಾಜ್ಯವು ಬೇರೊಂದು ಲೋಕ. ‘ಬರುವವನು’ ಎಂಬ ಒಂದು ಪದವನ್ನು ಎರಡು ಕಡೆಯವರೂ ಹಿಡಿದುಕೊಂಡು ತಮ್ಮ ತಮ್ಮ ಅರ್ಥವನ್ನೇ ಕೇಳಿಸಿಕೊಂಡಿದ್ದರು. ಇಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ, ಆದರೂ ಇಬ್ಬರಿಗೂ ಮೋಸಹೋದ ಭಾವವೇ ಉಳಿದಿರಬೇಕು.

ಬೈಬಲ್ಲನ್ನು ಕನ್ನಡಕ್ಕೆ ತಂದವರ ಶ್ರಮವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಗೌರವ ಹುಟ್ಟುತ್ತದೆ. ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಪೂರ್ಣ ಕನ್ನಡ ಬೈಬಲ್ ಸಿದ್ಧವಾಗಿತ್ತು, ಮುಂದೆ ಬಾಸೆಲಿನವರು ಅದರ ಪರಿಷ್ಕರಣದಲ್ಲಿ ಕೈಜೋಡಿಸಿದರು. ಮಂದೆಯನ್ನು ಕಾಯುವವನಿಗೆ ಕನ್ನಡದಲ್ಲಿ ಕುರುಬನೆಂಬುದೇ ನೇರ ಪದ, ಆದರೆ ಈ ನಾಡಿನಲ್ಲಿ ಅದು ಒಂದು ಜಾತಿಯ ಹೆಸರೂ ಹೌದು. ‘ಒಳ್ಳೆಯ ಕುರುಬ’ ಎಂಬ ಮಾತು ಪ್ಯಾಲೆಸ್ತೀನಿನ ಬೆಟ್ಟಗಳಿಂದ ಬೆಟಗೇರಿಯ ಸಂತೆಗೆ ಬರುವಷ್ಟರಲ್ಲಿ ಜಾತಿಯ ಏಣಿಯ ಮೇಲೆ ಒಂದು ಮೆಟ್ಟಿಲನ್ನು ಹಿಡಿದಿರುತ್ತದೆ. ಯೇಸುವನ್ನು ದೇವರ ಕುರಿಯೆನ್ನುವ ರೂಪಕವನ್ನು ಕೇಳಿದ ಶಾಕಾಹಾರಿ ಲಿಂಗಾಯತನಿಗೂ ಜೈನನಿಗೂ ನೆನಪಾಗುವುದು ದ್ಯಾಮವ್ವ, ದುರ್ಗವ್ವರ ಜಾತ್ರೆಗೆ ಬಿಟ್ಟ ಹರಕೆಯ ಕುರಿ, ಅದರ ನೆತ್ತರು. ಮದ್ಯಕ್ಕೆ ‘ದ್ರಾಕ್ಷಾರಸ’ವೆಂಬ ಪದವನ್ನು ಆರಿಸಿಕೊಂಡಲ್ಲಿ ಅನುವಾದಕರ ಎಚ್ಚರ ಕಾಣುತ್ತದೆ, ಏಕೆಂದರೆ ಹೆಂಡ, ಸೆರೆಗಳ ಹೆಸರನ್ನೆತ್ತಿದರೆ ಪವಿತ್ರ ಭೋಜನವೇ ಕೆಡುತ್ತಿತ್ತು. ಪ್ರಾಟೆಸ್ಟಂಟರು ಬಳಸಿದ ‘ದೀಕ್ಷಾಸ್ನಾನ’ದಲ್ಲಿ ಲಿಂಗದೀಕ್ಷೆಯ ದೀಕ್ಷೆ ಇದೆ, ಬಾಸೆಲ್ ಸಭೆಗಳಲ್ಲಿ ಪಾದ್ರಿಗೆ ಸಂದ ‘ಅಯ್ಯನವರು’ ಎಂಬ ಹೆಸರು ಈ ಸೀಮೆಯಲ್ಲಿ ಜಂಗಮರಿಗೆ ಸಲ್ಲುತ್ತಿದ್ದ ಮಾತು. ಲಿಂಗವನ್ನು ಅಶ್ಲೀಲವೆಂದ ಯುರೋಪಿನಿಂದಲೇ ಬಂದ ಮಿಶನ್ನು ಬಸವಪುರಾಣವನ್ನು ಅಚ್ಚು ಹಾಕಿಸಿತು. ಅದರ ವ್ಯೂರ್ತ್ ಎಂಬ ಪಾದ್ರಿ 1860ರ ದಶಕದಲ್ಲಿ ಬಸವಪುರಾಣ, ಚೆನ್ನಬಸವಪುರಾಣಗಳ ಸಾರವನ್ನು ಇಂಗ್ಲಿಷಿಗೆ ಕೊಟ್ಟರು. 1894ರಲ್ಲಿ ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಹೊರಬಂದಿತು. ದ್ವೇಷಿಸಲು ಬಂದವರೆಂದು ಇವರನ್ನು ತಳ್ಳಿಹಾಕುವುದು ಚರಿತ್ರೆಗೆ ಮಾಡುವ ಅನ್ಯಾಯ.

ಬೆಟಗೇರಿಯಲ್ಲಿ ಆ ಮಿಶನ್ನು ಬಿಟ್ಟುಹೋದ ಹೆಸರು ಬೇರೆಯೇ ಒಂದು ಕತೆಯನ್ನು ಹೇಳುತ್ತದೆ. ಅದು ನಡೆಸಿದ ಆಸ್ಪತ್ರೆಯು ಮುಂದೆ ದಕ್ಷಿಣ ಭಾರತ ಸಭೆಗೆ ಸೇರಿದರೂ ಜನರ ಬಾಯಲ್ಲಿ ‘ಜರ್ಮನ್ ಆಸ್ಪತ್ರೆ’ಯಾಗಿಯೇ ಉಳಿಯಿತು. 1914ರಲ್ಲಿ ಮೊದಲ ಮಹಾಯುದ್ಧ ತೊಡಗಿ, ಬ್ರಿಟಿಷ್ ಸರಕಾರವು ಜರ್ಮನ್ ಮಿಶನರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟು ಕೊನೆಗೆ ದೇಶದಿಂದಲೇ ಹೊರಗೆ ಕಳಿಸಿತು; ಸರಕಾರಿ ಕಾಗದದಲ್ಲಿ ‘ಜರ್ಮನ್’ ಎಂಬುದು ವೈರಿಯ ಹೆಸರಾದಾಗಲೂ ಇಲ್ಲಿಯ ಬಾಣಂತಿಗೆ, ಜ್ವರದ ಕೂಸಿನ ತಾಯಿಗೆ ಅದು ಮದ್ದಿನ ಮನೆಯ ಹೆಸರೇ ಆಗಿತ್ತು. ಉತ್ತರ ಕರ್ನಾಟಕದ ಅಡುಗೆಮನೆಗಳಲ್ಲಿ ಅಲ್ಯುಮಿನಿಯಂ ಪಾತ್ರೆಗಳಿಗೂ ‘ಜರ್ಮನ್’ ಪಾತ್ರೆಗಳೆಂಬ ಹೆಸರು ಬಂದಿದೆ.

ಜರ್ಮನಿಗೂ ಈ ನೆಲಕ್ಕೂ ನಡುವೆ ಅರ್ಥ ಕೆಟ್ಟ ಇನ್ನೊಂದು ವಸ್ತು ಸ್ವಸ್ತಿಕ. ಗದಗ, ಲಕ್ಕುಂಡಿ, ಲಕ್ಷ್ಮೇಶ್ವರಗಳ ಶಾಸನಗಳು ‘ಸ್ವಸ್ತಿ’ ಎಂಬ ಮಂಗಳಪದದಿಂದ ತೊಡಗುತ್ತವೆ. ಏಳನೆಯ ಜೈನ ತೀರ್ಥಂಕರ ಸುಪಾರ್ಶ್ವನಾಥನ ಲಾಂಛನವೂ ಸ್ವಸ್ತಿಕವೇ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕದ ಮೊದಲ ಹಾಳೆಯ ಮೇಲೆ ಕುಂಕುಮದಿಂದ ಅದನ್ನು ಬರೆಯುತ್ತಾರೆ. 1870ರ ದಶಕದಲ್ಲಿ ಶ್ಲೀಮನ್ ಎಂಬ ಜರ್ಮನ್ ಶೋಧಕ ಟ್ರಾಯ್ ನಗರದ ಅಗೆತದಲ್ಲಿ ಈ ಗುರುತನ್ನು ಕಂಡ ಮೇಲೆ ಅದನ್ನು ಆರ್ಯ ಜನಾಂಗದ ಚಿಹ್ನೆಯೆಂದು ಬಗೆಯುವ ಚಾಳಿ ಹಬ್ಬಿ, 1920ರಲ್ಲಿ ನಾಜಿ ಪಕ್ಷವು ಅದನ್ನು ತನ್ನ ಬಾವುಟಕ್ಕೆ ಏರಿಸಿಕೊಂಡಿತು. ಜರ್ಮನರು ಅದನ್ನು ‘ಕೊಕ್ಕೆ ಶಿಲುಬೆ’ ಎಂಬರ್ಥದ ‘ಹಾಕನ್‌ಕ್ರಾಯ್ಟ್ಸ್’ ಎಂಬ ಪದದಿಂದ ಕರೆದರೂ ಇಂಗ್ಲಿಷಿನಲ್ಲಿ ಸಂಸ್ಕೃತದ ಹೆಸರೇ ನಿಂತುಹೋಯಿತು; ಹೀಗಾಗಿ ಅರವತ್ತು ಲಕ್ಷ ಯಹೂದಿಗಳ ಕೊಲೆಯ ನೆನಪು ಹರಸುವ ಒಂದು ಪದದ ಮೇಲೆ ಕೂತಿತು. 2022ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯವು ನಾಜಿ ಚಿಹ್ನೆಯ ಪ್ರದರ್ಶನವನ್ನು ಅಪರಾಧವೆಂದು ಸಾರಿದಾಗ ಹಿಂದೂ, ಜೈನ, ಬೌದ್ಧರ ಸ್ವಸ್ತಿಕವನ್ನು ಹೊರಗಿಟ್ಟಿತು. ಮೆಲ್ಬೋರ್ನಿನಲ್ಲಿ ಹೊಸ್ತಿಲಿಗೆ ಸ್ವಸ್ತಿಕ ಬರೆಯುವ ಕನ್ನಡ ಕುಟುಂಬಕ್ಕೆ ಕಾನೂನಿನ ಅಡ್ಡಿಯಿಲ್ಲ. ಪಕ್ಕದ ಮನೆಯಲ್ಲಿ ಸೆರೆಶಿಬಿರದಿಂದ ಬದುಕಿ ಬಂದವರ ಮಕ್ಕಳಿದ್ದರೆ ಅವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳುವ ಹೊಣೆ ಮಾತ್ರ ಉಳಿಯುತ್ತದೆ, ಮತ್ತು ಆ ಹೊಣೆಯನ್ನು ಕಿರಿಕಿರಿಯೆಂದು ತಿಳಿಯಬಾರದು.

ನೇಕಾರನಿಗೆ ಈ ಬಗೆಯ ಅರಿವು ಕಸುಬಿನ ಭಾಗವೇ ಆಗಿತ್ತು, ಬಣ್ಣದ ಅರ್ಥ ತಪ್ಪಿದರೆ ಸೀರೆ ಮಾರಾಟವಾಗುತ್ತಿರಲಿಲ್ಲ. ಕಪ್ಪು ಬಣ್ಣವನ್ನು ಶುಭಕಾರ್ಯದಿಂದ ದೂರವಿಡುವುದು ಬಹುಕಡೆಯ ರೂಢಿ. ಆದರೆ ಧಾರವಾಡ–ಗದಗ ಸೀಮೆಯಲ್ಲಿ ಕಸೂತಿ ಹಾಕಿದ ಚಂದ್ರಕಾಳಿಯೆಂಬ ಕರಿಯ ಸೀರೆಯು ಮದುಮಗಳಿಗೆ ತವರಿನಿಂದ ಬರಬೇಕಾದ ಉಡುಗೊರೆಗಳಲ್ಲಿ ಒಂದಾಗಿತ್ತು. ಬಿಳಿಯ ಸೀರೆ ಒಂದು ಮನೆಯಲ್ಲಿ ವೈಧವ್ಯದ ಉಡುಪು, ಮಿಶನ್ ಕಂಪೌಂಡಿನ ಕ್ರೈಸ್ತ ಮನೆಯಲ್ಲಿ ಮದುವಣಗಿತ್ತಿಯ ಉಡುಪು.

ಪದಗಳು ಅತ್ಯಂತ ಕ್ರೂರವಾಗಿ ಬದಲಾದದ್ದು ಹೆಣ್ಣಿನ ವಿಷಯದಲ್ಲಿ. ಇಂದು ಕನ್ನಡದಲ್ಲಿ ‘ಸೂಳೆ’ ಎಂಬುದಕ್ಕಿಂತ ಕೀಳಾದ ಬೈಗುಳ ಹೆಚ್ಚಿಲ್ಲ. ಆದರೆ ಬಾದಾಮಿಯ ಬಳಿಯ ಮಹಾಕೂಟದಲ್ಲಿ, 696ರಿಂದ 733ರವರೆಗೆ ಆಳಿದ ಚಾಲುಕ್ಯ ವಿಜಯಾದಿತ್ಯನ ಕಾಲದ ಶಾಸನವೊಂದು ಅರಸನ ಪ್ರಾಣವಲ್ಲಭೆಯಾದ ವಿನಾಪೋಟಿಯನ್ನು ಇದೇ ಪದದಿಂದ, ಅದೂ ಗೌರವದ ಬಹುವಚನದಲ್ಲಿ ‘ಸೂಳೆಯರ್’ ಎಂದು ಕರೆಯುತ್ತದೆ. ಆಕೆಯ ತಾಯಿ ಕುಚಿಪೋಟಿ, ಅಜ್ಜಿ ರೇವಮಂಚಳರ ಹೆಸರುಗಳನ್ನೂ ಮಾನದಿಂದ ಹೇಳಿ, ಆಕೆ ದೇವರಿಗೆ ಕೊಟ್ಟ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಭೂಮಿಗಳನ್ನು ದಾಖಲಿಸುತ್ತದೆ. ಮುಂದಿನ ಶತಮಾನಗಳ ದೇಗುಲ ಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳಿಗೆ, ಎಂದರೆ ಪೂಜೆ ಅಲಂಕಾರಗಳಿಗೂ ಹಾಡು ಕುಣಿತಗಳಿಗೂ ಬಿಟ್ಟ ದತ್ತಿಗಳ ನಡುವೆ ಸೂಳೆಯರೂ ಪಾತ್ರದವರೂ ತಮ್ಮ ಪಾಲನ್ನು ಪಡೆಯುತ್ತಾರೆ. 12ನೆಯ ಶತಮಾನದ ಶರಣೆ ಸೂಳೆ ಸಂಕವ್ವೆ ತನ್ನ ವೃತ್ತಿಯ ಹೆಸರನ್ನು ಬಚ್ಚಿಡಲಿಲ್ಲ. ‘ನಿರ್ಲಜ್ಜೇಶ್ವರ’ ಎಂಬ ಅಂಕಿತದಿಂದ, ನಾಚಿಕೆಯಿಲ್ಲದವಳೆಂಬ ಜನರ ಮಾತನ್ನೇ ತನ್ನ ದೇವರ ಹೆಸರಿಗೆ ಸೇರಿಸಿದಳು. ಆ ವೇಳೆಗಾಗಲೇ ಪದದಲ್ಲಿ ಕಹಿ ಬೆರೆಯತೊಡಗಿತ್ತೆಂಬುದಕ್ಕೂ ಆ ಅಂಕಿತವೇ ಗುರುತು. ಹಾಗೆಂದು ಪದ ಗೌರವದ್ದಾಗಿದ್ದ ಕಾಲದಲ್ಲಿ ಎಲ್ಲ ಹೆಣ್ಣುಗಳ ಬದುಕೂ ಗೌರವದ್ದಾಗಿತ್ತೆಂದು ತಿಳಿಯಬಾರದು. ಗುಡಿಗೆ ಬಿಟ್ಟ ಹುಡುಗಿಯ ಇಷ್ಟವನ್ನು ಯಾವ ಶಾಸನವೂ ಕೇಳಿಲ್ಲ.

19ನೆಯ ಶತಮಾನದಲ್ಲಿ ಧಾರವಾಡ, ಬಿಜಾಪುರ ಸೀಮೆಯ ಶಾಸನಗಳನ್ನು ಓದಿ ಇಂಗ್ಲಿಷಿಗೆ ತಂದ ಫ್ಲೀಟ್ ಮೊದಲಾದ ವಿದ್ವಾಂಸರಿಗೆ ಈ ಪದಕ್ಕೆ ಸಿಕ್ಕಿದ್ದು ವೇಶ್ಯೆಯೆಂಬರ್ಥದ ಮಾತುಗಳೇ. ಕಾನೂನು ಇನ್ನೊಂದು ಹೆಸರನ್ನು ಆರಿಸಿತು: 1934ರ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯಿದೆ ಬೆಟಗೇರಿಗೆ ಅನ್ವಯಿಸಿದರೂ ಸಂಸ್ಥಾನಗಳಿಗೆ ಸೇರಿದ ಲಕ್ಷ್ಮೇಶ್ವರ, ಶಿರಹಟ್ಟಿಗಳು ಅದರ ಎಲ್ಲೆಯ ಹೊರಗಿದ್ದವು, ದೇವರಿಗೆ ಬಿಡುವಾಗ ಹುಡುಗಿಯ ಕೊರಳಿಗೆ ಕಟ್ಟುವ ಮುತ್ತು ಒಂದೂರಿನಲ್ಲಿ ಅಪರಾಧದ ಸಾಕ್ಷಿಯಾಗಿ, ಪಕ್ಕದೂರಿನಲ್ಲಿ ಹರಕೆಯಾಗಿಯೇ ಉಳಿಯಿತು. ಇಡೀ ರಾಜ್ಯಕ್ಕೆ ಸಲ್ಲುವ ನಿಷೇಧ ಬಂದದ್ದು 1982ರ ಕರ್ನಾಟಕದ ಕಾಯಿದೆಯಿಂದ. ಆ ಕಾಯಿದೆಗಳು ಬೇಕಾಗಿದ್ದವೆಂಬುದರಲ್ಲಿ ಎರಡು ಮಾತಿಲ್ಲ.

‘ಸ್ವಾಮಿನಿ’ ಎಂಬುದರಿಂದ ಬಂದ ‘ಸಾನಿ’ಯ ಗತಿಯೂ ಇದೇ. ಒಡತಿಯೆಂಬ ಮೂಲಾರ್ಥವು ‘ದೊರೆಸಾನಿ’ಯಲ್ಲಿ ಇನ್ನೂ ಉಳಿದಿದೆ, ‘ನಾಯಕಸಾನಿ’ಯಲ್ಲಿ ಕೆಟ್ಟಿದೆ, ಬಿಡಿಯಾಗಿ ತೆಲುಗಿನಲ್ಲಿ ಬೈಗುಳವಾಗಿದೆ. 20ನೆಯ ಶತಮಾನದ ಆರಂಭದಲ್ಲಿ, ಗಂಡಸರೇ ಹೆಣ್ಣಿನ ವೇಷ ಕಟ್ಟುತ್ತಿದ್ದ ಕಾಲದಲ್ಲಿ, ಹೆಂಗಸರದೇ ನಾಟಕ ಮಂಡಳಿ ಕಟ್ಟಿದ ಲಕ್ಷ್ಮೇಶ್ವರದ ಬಚ್ಚಾಸಾನಿಯ ಹೆಸರಿನಲ್ಲಿ ಆ ಪದ ನಿಂತಿದೆ. ಆ ಹೆಸರನ್ನು ತೆಲುಗು ಮನೆಮಾತಿನ ನೇಕಾರನೊಬ್ಬ ಕೇಳಿದ ಬಗೆಗೂ ಲಕ್ಷ್ಮೇಶ್ವರದ ಕನ್ನಡಿಗ ಕೇಳಿದ ಬಗೆಗೂ ಅಂತರವಿದ್ದಿರಲೇಬೇಕು. ಮರಾಠಿಯಿಂದ ಬಂದ ‘ಬಾಯಿ’ ಇನ್ನೂ ಜಟಿಲ. ಧಾರವಾಡ ಸೀಮೆಯಲ್ಲಿ ಅದು ಕುಲೀನ ಹೆಂಗಸರ ಹೆಸರಿನ ಬಾಲ. ಮುಂಬಯಿಯಲ್ಲಿ ಮನೆಗೆಲಸದವಳನ್ನು ಕರೆಯುವ ಮಾತು. ಸಂಗೀತದ ಲೋಕದಲ್ಲಿ ಕಸುಬಿನ ಹಾಡುಗಾರ್ತಿಯ ಗುರುತು. ಗಂಗೂಬಾಯಿ ಹಾನಗಲ್ ಅವರ ಮೊದಲ ಧ್ವನಿಮುದ್ರಿಕೆಗಳು ‘ಗಾಂಧಾರಿ’ಯೆಂಬ ಬೇರೆ ಹೆಸರಿನಲ್ಲಿ ಹೊರಬಂದಿದ್ದವು. ಹಾಡುವ ಗಂಡಸು ಹಿಂದೂವಾದರೆ ಪಂಡಿತ, ಮುಸ್ಲಿಮನಾದರೆ ಉಸ್ತಾದ, ಹೆಣ್ಣು ಮಾತ್ರ ಎಷ್ಟು ದೊಡ್ಡವಳಾದರೂ ಬಾಯಿಯಾಗಿಯೇ ಉಳಿಯುತ್ತಾಳೆಂದು ಅವರು ನೊಂದು ನುಡಿದಿದ್ದರು. ಆ ನೋವಿಗೆ ಈ ಸೀಮೆಯಲ್ಲೇ ಪುರಾವೆಯಿದೆ: ಕುಂದಗೋಳದ ಸವಾಯಿ ಗಂಧರ್ವರೆಂಬ ಒಬ್ಬನೇ ಗುರುವಿನ ಬಳಿ ಕಲಿತ ಇಬ್ಬರಲ್ಲಿ, ಗದಗಿನ ಭೀಮಸೇನ ಜೋಶಿಯವರು ಪಂಡಿತರಾದರು, ಗಂಗೂಬಾಯಿಯವರು ಬಾಯಿಯಾದರು. ಹಿಂದಿ ನಾಡಿನಲ್ಲಿ ಬರಿಯ ಹಾಡುಗಾರನೆಂಬ ಅರ್ಥದ ‘ಗವೈಯಾ’ ಗದಗಿಗೆ ಬಂದು, ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ, ಪುಟ್ಟರಾಜರ ಹೆಸರುಗಳಲ್ಲಿ ‘ಗವಾಯಿಗಳು’ ಎಂಬ ಪೂಜ್ಯ ಬಹುವಚನವಾಯಿತು. ವಿನಾಪೋಟಿಗೆ ಒಮ್ಮೆ ಸಂದಿದ್ದ ಆ ಬಹುವಚನ ಮುಂದಿನ ಹಾಡುಗಾರ್ತಿಯರಿಗೆ ಮರಳಿ ಸಿಗಲಿಲ್ಲ. ಇದು ಕನ್ನಡಿಗರು ತೀರಿಸಬೇಕಾದ ಸಾಲ.

ಇದಕ್ಕೆ ತಿರುವಾದ ಪಯಣವೂ ಒಂದಿದೆ, ಅದು ಶಿರಹಟ್ಟಿಯದು. ಅರಬಿಯಲ್ಲಿ ಬಡವನೆಂಬ ಅರ್ಥದ ‘ಫಕೀರ’ ಸೂಫಿಗಳಲ್ಲಿ ದೇವರ ಮುಂದೆ ಏನೂ ಇಲ್ಲದವನೆಂಬ ಹಿರಿಮೆಯನ್ನು ಪಡೆದು, ಬೀದಿಯ ಕನ್ನಡದಲ್ಲಿ ತಿರುಕನೆಂಬ ಹಗುರ ಮಾತಾಯಿತು. ಬಿಜಾಪುರದ ಸೂಫಿ ಖಾಜಾ ಅಮೀನುದ್ದೀನರ ಕೃಪೆಯನ್ನು ನೆನೆಯುವ ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಿ ಅದೇ ಪದ ಜಗದ್ಗುರುವಿನ ಬಿರುದಾಯಿತು. 1931ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಚರ್ಚಿಲ್, ವೈಸರಾಯರ ಅರಮನೆಯ ಮೆಟ್ಟಿಲೇರಿದ ಗಾಂಧೀಜಿಯನ್ನು ಅರೆಬೆತ್ತಲೆ ಫಕೀರನೆಂದು ಹಳಿದಾಗ ಪದದ ಮೂರು ಅರ್ಥಗಳಲ್ಲಿ ಅವರಿಗೆ ಗೊತ್ತಿದ್ದುದು ಒಂದೇ. 1944ರಲ್ಲಿ ಚರ್ಚಿಲರಿಗೆ ಬರೆದ ಕಾಗದದಲ್ಲಿ ಗಾಂಧೀಜಿ ಆ ಮಾತನ್ನು ಹೊಗಳಿಕೆಯೆಂದೇ ಸ್ವೀಕರಿಸಿದರು. ಶಿರಹಟ್ಟಿ ಮಠದ ಸ್ವಾಮಿಗಳ ಹೆಸರು ಇಂದಿಗೂ ‘ಫಕೀರ’ ಎಂಬ ಪದದಿಂದಲೇ ಮೊದಲಾಗುತ್ತದೆ, ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಮನೆಗಳಲ್ಲಿ ಹಿಂದೂ ತಂದೆತಾಯಿಗಳು ಗಂಡುಮಗುವಿಗೆ ಫಕೀರಪ್ಪನೆಂದೂ ಹೆಣ್ಣುಮಗುವಿಗೆ ಫಕೀರವ್ವನೆಂದೂ ಹೆಸರಿಡುತ್ತ ಬಂದಿದ್ದಾರೆ.